ಕುಶಲಕರ್ಮಿಗಳ ಕೂಲಿಯೂ ಕಾಯಕಧರ್ಮವೂ

ಲೋಕದಲ್ಲಿ ಮನೆಯನ್ನು ಕಟ್ಟಿಸಿದವನ ಹೆಸರು ಉಳಿಯುವುದು, ಕಟ್ಟಿದವನ ಹೆಸರು ಅಳಿಯುವುದು. ದೇವಾಲಯವಾಗಲಿ ಅರಮನೆಯಾಗಲಿ ಮಠವಾಗಲಿ, ಮಾಡಿಸಿದ ಪ್ರಭುವಿನ ಕೀರ್ತಿಯು ಶಾಸನಗಳಲ್ಲಿಯೂ ಜನರ ಬಾಯಲ್ಲಿಯೂ ನೆಲೆಗೊಂಡಿರುವುದೇ ಹೊರತು, ಮರವನ್ನು ಕೊರೆದ ಬಡಗಿಯ, ಕಲ್ಲನ್ನು ಕಡಿದ ಕಲ್ಲುಕುಟಿಗನ, ಗೋಡೆಯನ್ನೆತ್ತಿದ ಗಾರೆಯವನ ನೆನಪು ಅಪೂರ್ವವಾಗಿಯೇ ಇರುವುದು. ಎಂಟನೆಯ ಶತಮಾನದಲ್ಲಿ ಚಾಲುಕ್ಯ ಚಕ್ರವರ್ತಿ ಇಮ್ಮಡಿ ವಿಕ್ರಮಾದಿತ್ಯನ ಅರಸಿಯಾದ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ದೇವಾಲಯದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಗೆ ತ್ರಿಭುವನಾಚಾರಿಯೆಂಬ ಬಿರುದು ದೊರೆತುದನ್ನು ಅಲ್ಲಿಯ ಶಾಸನವು ತಿಳಿಸುವುದು. ಇಂತಹ ಭಾಗ್ಯವು ಸಾವಿರದಲ್ಲಿ ಒಬ್ಬ ಶಿಲ್ಪಿಗೆ ಲಭಿಸೀತು. ಮಿಕ್ಕವರೆಲ್ಲರಿಗೂ ಬೇಕಾದುದು ಬಿರುದಲ್ಲ, ಮಾಡಿದ ಕೆಲಸಕ್ಕೆ ತಕ್ಕ ಕೂಲಿ. ಆ ತಕ್ಕ ಕೂಲಿಯೆಂದರೆ ಎಷ್ಟು, ಅದನ್ನು ನಿಷ್ಕರ್ಷಿಸತಕ್ಕವರು ಯಾರು, ಕೇಳುವವನ ಧರ್ಮವೇನು, ಕೊಡುವವನ ಧರ್ಮವೇನು ಎಂಬ ಪ್ರಶ್ನೆಗಳನ್ನು ಪೂರ್ವಿಕರು ಹೇಗೆ ಬಿಡಿಸಿದರೆಂಬುದನ್ನು, ಕೊಡಗಿನ ಕಕ್ಕಬೆಯಲ್ಲಿ ಇಂದಿಗೂ ನಿಂತಿರುವ ಒಂದು ಅರಮನೆಯನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಈ ಲೇಖನದ ಉದ್ದೇಶವಾಗಿದೆ.

ಕಕ್ಕಬೆಯು ಕೊಡಗಿನ ಅತ್ಯುನ್ನತ ಶಿಖರವಾದ ತಡಿಯಂಡಮೋಳ್ ಬೆಟ್ಟದ ತಪ್ಪಲಿನ ಊರು. ಮಳೆ ಬೆಳೆಗಳನ್ನು ಕರುಣಿಸುವ ದೇವರೆಂದು ಕೊಡವರು ಭಕ್ತಿಯಿಂದ ನಡೆದುಕೊಳ್ಳುವ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯು ಇಲ್ಲಿಯೇ ಇರುವುದು. ಹೊಸ ಭತ್ತವನ್ನು ಮನೆಗೆ ತರುವ ಹುತ್ತರಿ ಹಬ್ಬದ ಮುಹೂರ್ತವೂ ಇಲ್ಲಿಯೇ ನಿಶ್ಚಯವಾಗುವುದು. ಸಮೀಪದ ಯವಕಪಾಡಿ ಗ್ರಾಮದಲ್ಲಿ, ಕಾಡಿನ ಮಗ್ಗುಲಲ್ಲಿ, ಹಾಲೇರಿ ವಂಶದ ದೊಡ್ಡ ವೀರರಾಜೇಂದ್ರ ಒಡೆಯರು 1792ನೆಯ ಇಸವಿಯಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯುಂಟು. 1788ರಲ್ಲಿ ಟಿಪ್ಪುವಿನ ಸೆರೆಯನ್ನು ಪಿರಿಯಾಪಟ್ಟಣದಲ್ಲಿ ತಪ್ಪಿಸಿಕೊಂಡು ಬಂದು, ನಾಡನ್ನು ಮರಳಿ ಗೆದ್ದ ಈ ಅರಸರಿಗೆ ಶತ್ರುಗಳು ಸುಲಭವಾಗಿ ಸೇರಲಾಗದ ಬೀಡೊಂದು ಬೇಕಾಗಿದ್ದಿತು. ಮುಂದೆ 1834ರಲ್ಲಿ ಈ ವಂಶದ ಕಡೆಯ ಅರಸರಾದ ಚಿಕ್ಕ ವೀರರಾಜೇಂದ್ರರು ಇಂಗ್ಲಿಷರ ಸೈನ್ಯವು ನಾಲ್ಕು ಕಡೆಗಳಿಂದಲೂ ನಾಡನ್ನು ಹೊಕ್ಕಾಗ ಆಶ್ರಯವನ್ನು ಹುಡುಕಿದುದೂ ಈ ಅರಮನೆಯಲ್ಲಿಯೇ. ರಾಜ್ಯವು ಅಳಿಯಿತು, ವಂಶವು ಸಿಂಹಾಸನವನ್ನು ಕಳೆದುಕೊಂಡಿತು. ಬಡಗಿಯು ನಿಲ್ಲಿಸಿದ ಕಂಬ ಮಾತ್ರ ನಿಂತಿತು.

ಈ ಅರಮನೆಯು ವಿಸ್ತಾರದಲ್ಲಿ ದೊಡ್ಡದಲ್ಲ. ಎರಡು ಅಂತಸ್ತಿನ ಕಟ್ಟಡ, ಕೆತ್ತನೆಯ ಮರದ ಕೆಲಸ, ಗೋಡೆ ಮಾಳಿಗೆಗಳ ಮೇಲೆ ಬಣ್ಣದ ಚಿತ್ರಗಳು, ಮುಂದೆ ಪ್ರತ್ಯೇಕವಾದ ಒಂದು ಸಣ್ಣ ಮಂಟಪ, ಇಷ್ಟೇ ಇರುವುದು. ಆದರೆ ಕಕ್ಕಬೆಯ ಮಳೆಯನ್ನು ಕಂಡವರಿಗೆ ಈ ಇಷ್ಟರ ಬೆಲೆಯು ತಿಳಿಯುವುದು. ಮುಂಗಾರು ಕಾಲಿಟ್ಟ ಮೇಲೆ ಕಕ್ಕಡ ಮಾಸವು ಕಳೆಯುವವರೆಗೆ ಇಲ್ಲಿ ಸೂರ್ಯದರ್ಶನವೇ ದುರ್ಲಭ. ಅಂತಹ ಮಳೆಯನ್ನು ಕೆಳಕ್ಕೆ ಜಾರಿಸಿಬಿಡುವ ಮಾಡಿನ ಇಳಿಜಾರು ಎಷ್ಟಿರಬೇಕು, ಯಾವ ಮರವು ತೇವಕ್ಕೆ ಬಾಗದು, ಯಾವುದು ಗೆದ್ದಲಿಗೆ ಸೋಲದು, ಕಡಿದ ಮರವನ್ನು ಎಷ್ಟು ಕಾಲ ಒಣಗಿಸಿ ಬಾಚಿಯನ್ನು ಇಡಬೇಕು, ತೊಲೆಗೂ ಕಂಬಕ್ಕೂ ಕೂಡಿಸುವ ಸಂದಿನಲ್ಲಿ ಎಷ್ಟು ಸಡಿಲ ಬಿಡಬೇಕು ಎಂಬಿವು ಕಣ್ಣಿಗೆ ಕಾಣುವ ಸಂಗತಿಗಳಲ್ಲ. ಕೆಲಸಕ್ಕೆ ತಪ್ಪು ಬಂದರೆ ಒಂದೇ ಮಳೆಗಾಲದಲ್ಲಿ ಅದು ಕಾಣುವುದು. ಕೆಲಸವು ಸರಿಯಾಗಿದ್ದರೆ ನೂರು ಮಳೆಗಾಲಗಳಾದರೂ ಯಾರಿಗೂ ಕಾಣದು. ಒಳ್ಳೆಯ ಕೆಲಸದ ಗುಣವೇ ಅದನ್ನು ಮರೆಯುವಂತೆ ಮಾಡುವುದು. ಆದುದರಿಂದಲೇ ಕುಶಲಕರ್ಮಿಯ ಕೂಲಿಯ ಚರ್ಚೆಯಲ್ಲಿ ಜನರು ಪದೇ ಪದೇ ಎಡವುವರು. ಅವನು ಕಳೆದ ಗಳಿಗೆಗಳನ್ನು ಎಣಿಸುವರು. ಆ ಗಳಿಗೆಗಳ ಹಿಂದೆ ನಿಂತಿರುವ ವರ್ಷಗಳನ್ನು ಎಣಿಸರು.

ಹಿಂದಿನ ಕಾಲದಲ್ಲಿ ಈ ಲೆಕ್ಕವು ನಾಣ್ಯದಲ್ಲಿ ನಡೆಯುತ್ತಿರಲಿಲ್ಲ. ಕೊಡಗಿನಲ್ಲಿ ಮರಗೆಲಸ ಕಬ್ಬಿಣಗೆಲಸಗಳು ಐರಿಗಳ ಕೈಯಲ್ಲಿದ್ದುವು. ಬುಟ್ಟಿ ಹೆಣೆಯುವುದೂ ವಾದ್ಯ ಬಾರಿಸುವುದೂ ಮೇದರ ವೃತ್ತಿಯಾಗಿದ್ದಿತು. ಕೊಡವರ ಐನ್‌ಮನೆಗಳ ಕೆತ್ತಿದ ಕಂಬಗಳೂ ಕೈಯಾಲೆಯಲ್ಲಿ ಹಿರಿಯರು ಕುಳಿತುಕೊಳ್ಳುವ ಐಮರಗಳೂ ಇಂತಹ ಕೈಗಳ ಕೆಲಸವೇ. ಮಿಕ್ಕ ಕನ್ನಡ ನಾಡಿನಲ್ಲಿ ಹನ್ನೆರಡು ಆಯಗಾರರ ಪದ್ಧತಿಯು ಪ್ರಸಿದ್ಧವಾಗಿದ್ದಿತು. ಬಡಗಿ, ಕಮ್ಮಾರ, ಕುಂಬಾರ, ಅಗಸ ಮೊದಲಾದವರು ವರ್ಷವಿಡೀ ಊರಿನ ಕೆಲಸವನ್ನು ಮಾಡಿಕೊಡುವರು. ಸುಗ್ಗಿಯಲ್ಲಿ ಕಣದ ರಾಶಿಯಿಂದ ತಮ್ಮ ಪಾಲಿನ ಆಯವನ್ನು ಅಳೆಸಿಕೊಳ್ಳುವರು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚಾರಕ್ಕೆ ತೊಡಗಿದ ಬುಕಾನನ್ ಎಂಬ ವೈದ್ಯನು ಕಣದಲ್ಲಿ ರಾಶಿಯು ಹಂಚಿಕೆಯಾಗುವ ಕ್ರಮವನ್ನು ವಿವರವಾಗಿ ಬರೆದಿಟ್ಟಿರುವನು.

ಈ ಪದ್ಧತಿಯಲ್ಲಿ ಒಂದು ದೊಡ್ಡ ಗುಣವೂ ಒಂದು ದೊಡ್ಡ ದೋಷವೂ ಇದ್ದುವು. ಗುಣವೇನೆಂದರೆ, ಬಡಗಿಯ ಕುಟುಂಬಕ್ಕೆ ಕೆಲಸವಿದ್ದ ದಿನ, ಇಲ್ಲದ ದಿನ ಎಂಬ ಭೇದವಿಲ್ಲದೆ ವರ್ಷದ ಅನ್ನವು ದೊರೆಯುತ್ತಿದ್ದಿತು. ಮಳೆಗಾಲದ ಬಿಡುವಿನ ಭಾರವನ್ನು ಅವನೊಬ್ಬನೇ ಹೊರದೆ ಊರೆಲ್ಲವೂ ಹೊರುತ್ತಿದ್ದಿತು. ದೋಷವೇನೆಂದರೆ, ಆಯದ ಅಳತೆಯು ಹುಟ್ಟಿನಿಂದಲೂ ಸಂಪ್ರದಾಯದಿಂದಲೂ ನಿಶ್ಚಿತವಾಗಿದ್ದು, ಕೈಯಲ್ಲಿ ಹೆಚ್ಚಿನ ಕುಶಲತೆಯಿದ್ದರೂ ಹೆಚ್ಚಿನ ಪಾಲನ್ನು ಕೇಳಲು ಅವಕಾಶವು ಕಡಮೆಯಾಗಿದ್ದಿತು. ಅರಸರ ಸೇವೆಯಲ್ಲಿಯೂ ಹೀಗೆಯೇ. ಕೊಡಗಿನ ಜಮ್ಮಾ ಭೂಮಿಗೆ ನೂರು ಭಟ್ಟಿಗೆ ಐದು ರೂಪಾಯಿಯಂತೆ, ಸಾಗು ಭೂಮಿಯ ಅರ್ಧದಷ್ಟೇ ಕಂದಾಯವು ಗೊತ್ತಾಗಿದ್ದಿತು. ಅದಕ್ಕೆ ಪ್ರತಿಯಾಗಿ ಜಮ್ಮಾ ರೈತರು ಅರಸನಿಗೆ ದಂಡಿನಲ್ಲಿಯೂ ಇತರ ಕಾರ್ಯಗಳಲ್ಲಿಯೂ ಕೂಲಿಯಿಲ್ಲದೆ ದುಡಿಯಬೇಕಾಗಿದ್ದಿತು. ದುಡಿಮೆಗೆ ಬೆಲೆಯು ಇಲ್ಲದಿರಲಿಲ್ಲ. ಭತ್ತದಲ್ಲಿ, ಭೂಮಿಯಲ್ಲಿ, ಕಂದಾಯದ ರಿಯಾಯಿತಿಯಲ್ಲಿ ಅದು ಅಡಗಿದ್ದಿತು. ಅಡಗಿದ ಬೆಲೆಯನ್ನು ಸರಿಯೋ ತಪ್ಪೋ ಎಂದು ಅಳೆಯುವುದು ಕಷ್ಟ.

ಹಾಲೇರಿಯ ಅರಸರು ವೀರಶೈವ ಮತಾನುಯಾಯಿಗಳು. ಜಂಗಮರನ್ನೂ ಮಠಗಳನ್ನೂ ಗೌರವಿಸಿದವರು. ಅವರ ಧರ್ಮದ ಮೂಲವನ್ನು ಹುಡುಕುತ್ತ ಹೋದರೆ ಕೊಡಗಿನಿಂದ ಉತ್ತರಕ್ಕೆ, ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಬಂದು ಸೇರಬೇಕಾಗುವುದು. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಿದಿರಿನ ಮೇದರ ಕೇತಯ್ಯ, ಬಟ್ಟೆ ಮಡಿ ಮಾಡುವ ಮಡಿವಾಳ ಮಾಚಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಇವರೆಲ್ಲರೂ ಶರಣರ ಗೋಷ್ಠಿಯಲ್ಲಿ ಸಮಾನರಾಗಿ ಕುಳಿತರು. ಕೈಕೆಲಸವು ಹೀನವೆಂಬ ಭಾವನೆಯನ್ನು ಇವರು ಬೇರುಸಹಿತ ಕಿತ್ತರು. ಸತ್ಯಶುದ್ಧವಾದ ಕಾಯಕದಿಂದ ಬಂದುದು ಮಾತ್ರವೇ ದಾಸೋಹಕ್ಕೆ ಸಲ್ಲತಕ್ಕದ್ದೆಂಬುದು ಇವರ ನಿಶ್ಚಯ. ಹೀಗಿರುವಾಗ ಗಳಿಕೆಯ ಪ್ರಮಾಣವು ಬರಿಯ ವ್ಯವಹಾರದ ಮಾತಾಗಿ ಉಳಿಯದೆ ಧರ್ಮದ ಮಾತಾಯಿತು.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ವೃತ್ತಾಂತವು ಸದ್ಭಕ್ತರೆಲ್ಲರಿಗೂ ಪರಿಚಿತವಾದುದು. ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದ ಮಾರಯ್ಯನು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತಂದು ದಾಸೋಹವನ್ನು ನಡೆಸುತ್ತಿದ್ದನು. ಒಂದು ದಿನ ಎಂದಿಗಿಂತ ಹೆಚ್ಚಾಗಿ ಅಕ್ಕಿಯು ಬಂದುದನ್ನು ಕಂಡ ಲಕ್ಕಮ್ಮನು, ಇದು ನಮ್ಮ ಕಾಯಕಕ್ಕೆ ಸಲ್ಲುವ ಪಾಲಲ್ಲವೆಂದು ತಿಳಿದು, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಪತಿಯನ್ನು ಕಳುಹಿಸಿದಳು. ಶೂನ್ಯಸಂಪಾದನೆಯೂ ಈ ದಂಪತಿಗಳ ಸಂವಾದಕ್ಕೆ ಸ್ಥಾನವನ್ನು ಕೊಟ್ಟಿರುವುದು. ತನಗೆ ಸಲ್ಲುವುದಕ್ಕಿಂತ ಹೆಚ್ಚು ತೆಗೆದುಕೊಳ್ಳುವವನ ಕಾಯಕವು ಕೆಡುವುದೆಂಬುದೇ ಇದರ ತಾತ್ಪರ್ಯ.

ಆದರೆ ಈ ಕಥೆಯನ್ನು ಒಂದೇ ಕಣ್ಣಿನಿಂದ ನೋಡುವವರೂ ಉಂಟು. ಕೆಲಸಗಾರನು ಕೂಲಿಯನ್ನು ಹೆಚ್ಚು ಕೇಳಿದಾಗ ಲಕ್ಕಮ್ಮನ ಹೆಸರನ್ನೆತ್ತಿ ಅವನ ಬಾಯಿ ಮುಚ್ಚಿಸುವವರು ಕಥೆಯ ಅರ್ಧವನ್ನೇ ಬಲ್ಲವರು. ಅಲ್ಲಿ ಕೊಡುವ ಮನೆಯ ಕೈ ಧಾರಾಳವಾದುದು. ತೆಗೆದುಕೊಳ್ಳುವವಳು ತಾನಾಗಿಯೇ ಮಿತಿಯನ್ನು ಹಾಕಿಕೊಂಡವಳು. ಕೊಡುವವನೇ ಜಿಪುಣನಾಗಿ, ತೆಗೆದುಕೊಳ್ಳುವವನಿಗೆ ಮಿತಿಯ ಉಪದೇಶ ಮಾಡಿದ ಪ್ರಸಂಗವು ಆ ಕಥೆಯಲ್ಲಿಲ್ಲ. ಲಕ್ಕಮ್ಮನು ಹಿಂದಿರುಗಿಸಿದುದು ಹೆಚ್ಚಿಗೆಯನ್ನು; ತನ್ನ ಪಾಲನ್ನಲ್ಲ. ತನ್ನ ಪಾಲು ಎಷ್ಟೆಂಬುದು ಆಕೆಗೆ ಚೆನ್ನಾಗಿ ತಿಳಿದಿದ್ದುದರಿಂದಲೇ ಹೆಚ್ಚಿಗೆಯು ಯಾವುದೆಂಬುದೂ ತಿಳಿಯಿತು.

ಆ ಪಾಲನ್ನು ಅಳೆಯುವ ಬಗೆ ಹೇಗೆ? ಇದಕ್ಕೆ ಉತ್ತರವು ಅದೇ ಕಲ್ಯಾಣದಲ್ಲಿ, ಶರಣರಿಗಿಂತ ಸ್ವಲ್ಪ ಮೊದಲು ಬರೆಯಲ್ಪಟ್ಟ ಗ್ರಂಥವೊಂದರಲ್ಲಿ ದೊರೆಯುವುದು. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಮೂಲದಲ್ಲಿಯೂ ವ್ಯಾಖ್ಯಾನದಲ್ಲಿಯೂ ಕೂಲಿಯ ವಿಷಯಕ್ಕೆ ಪ್ರತ್ಯೇಕ ಪ್ರಕರಣವೇ ಇರುವುದು. ಕೂಲಿಯನ್ನು ಪಡೆದು ಕೆಲಸವನ್ನು ಬಿಟ್ಟವನು ಎರಡರಷ್ಟನ್ನು ತೆರತಕ್ಕದ್ದು. ಕೂಲಿಯನ್ನು ನಿಷ್ಕರ್ಷಿಸದೆ ವ್ಯಾಪಾರ, ಪಶುಪಾಲನೆ, ಬೇಸಾಯಗಳಲ್ಲಿ ದುಡಿಸಿಕೊಂಡ ಯಜಮಾನನಿಂದ ಅರಸನು ಹುಟ್ಟುವಳಿಯ ಹತ್ತರಲ್ಲಿ ಒಂದು ಪಾಲನ್ನು ಕೊಡಿಸತಕ್ಕದ್ದು. ಗೊತ್ತುಮಾಡಿದುದಕ್ಕಿಂತ ಹೆಚ್ಚು ಕೆಲಸವಾದರೆ ಹೆಚ್ಚು ಕೊಡತಕ್ಕದ್ದು. ಇನ್ನೂ ಮುಖ್ಯವಾದುದೆಂದರೆ, ಬೆಲೆಯ ಏರಿಳಿತವನ್ನು ಬಲ್ಲ ವರ್ತಕರು ಒಟ್ಟುಗೂಡಿ ಕುಶಲಕರ್ಮಿಗಳಿಗೆ ಪೀಡೆಯಾಗುವಂತೆ ಬೆಲೆಯನ್ನು ಕಟ್ಟಿದರೆ ಅವರಿಗೆ ಉತ್ತಮ ಸಾಹಸವೆಂಬ ದಂಡವು, ಅಂದರೆ 1080 ಪಣಗಳು. ಕೆಲಸಗಾರನ ಮೋಸಕ್ಕೆ ಮಾತ್ರವಲ್ಲ, ಅವನನ್ನು ಹಿಂಡುವವರ ಒಳಸಂಚಿಗೂ ಶಿಕ್ಷೆಯಿರಬೇಕೆಂದು ಸ್ಮೃತಿಕಾರನು ಕಂಡುಕೊಂಡಿದ್ದನು.

ಇದಕ್ಕಿಂತಲೂ ಹಿಂದಿನದು ಕೌಟಿಲ್ಯನ ಅರ್ಥಶಾಸ್ತ್ರ. ಬಹುಕಾಲ ಮರೆಯಾಗಿದ್ದ ಈ ಗ್ರಂಥದ ಓಲೆಯ ಪ್ರತಿಯನ್ನು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದವರು ವಿದ್ವಾನ್ ಆರ್. ಶಾಮಶಾಸ್ತ್ರಿಗಳು. ಅದರಲ್ಲಿ, ಮೊದಲೇ ಮಾತಾದ ಕೂಲಿಯನ್ನು ಮಾತಾದಂತೆಯೇ ಕೊಡಬೇಕೆಂದೂ, ಮಾತಾಗದಿದ್ದಲ್ಲಿ ಶಿಲ್ಪಿ ವೈದ್ಯ ಮೊದಲಾದವರಿಗೆ ಅದೇ ವೃತ್ತಿಯ ಇತರರು ಪಡೆಯುವಷ್ಟು ಇಲ್ಲವೆ ಆ ಕೆಲಸವನ್ನು ಬಲ್ಲ ಕುಶಲರು ಹೇಳುವಷ್ಟು ಕೊಡಬೇಕೆಂದೂ ಇರುವುದು. ಕೂಲಿಯನ್ನು ಕೊಡದ ಯಜಮಾನನಿಗೆ ಅದರ ಹತ್ತನೆಯ ಒಂದು ಪಾಲು ಅಥವಾ ಆರು ಪಣ ದಂಡ. ಹೇಳಿದ ಕಾಲವನ್ನು ಮೀರಿದ ಕುಶಲಕರ್ಮಿಗೆ ಕೂಲಿಯಲ್ಲಿ ಕಾಲುಭಾಗ ಕಡಿತ, ಅದರ ಎರಡರಷ್ಟು ದಂಡ. ರಾಜಸೇವಕರ ವೇತನದ ಪಟ್ಟಿಯಲ್ಲಿ ಸಾಮಾನ್ಯ ಪರಿಚಾರಕನಿಗೆ 60 ಪಣ, ಕುಶಲಕರ್ಮಿಗೆ 120 ಪಣ, ವರ್ಧಕಿಯೆಂಬ ಹಿರಿಯ ಬಡಗಿಗೆ 2000 ಪಣ ಎಂದು ಹೇಳಲ್ಪಟ್ಟಿದೆ. ವರ್ಧಕಿಯ ಸಾಲಿನಲ್ಲಿಯೇ ವೈದ್ಯನೂ ಇರುವನು. ಮನೆಯನ್ನು ನಿಲ್ಲಿಸಬಲ್ಲವನ ಬುದ್ಧಿಯನ್ನು ಕೌಟಿಲ್ಯನು ದೇಹವನ್ನು ಉಳಿಸಬಲ್ಲವನ ಬುದ್ಧಿಗೆ ಸಮನಾಗಿ ತೂಗಿದನು.

ಹಲವರು ಕೂಡಿ ಮಾಡುವ ಕೆಲಸದ ಹಂಚಿಕೆಯನ್ನು ಕುರಿತು ಬೃಹಸ್ಪತಿ ಕಾತ್ಯಾಯನರ ಸ್ಮೃತಿಗಳು ಮತ್ತಷ್ಟು ಸೂಕ್ಷ್ಮವಾದ ನಿಯಮವನ್ನು ಕೊಡುವುವು. ಕಲಿಯುವವನಿಗೆ ಒಂದು ಪಾಲು, ಅರಿತವನಿಗೆ ಎರಡು, ನುರಿತವನಿಗೆ ಮೂರು, ಆಚಾರ್ಯನಿಗೆ ನಾಲ್ಕು. ಮನೆಯನ್ನೋ ದೇವಾಲಯವನ್ನೋ ಕೂಡಿ ಕಟ್ಟುವವರಲ್ಲಿ ಮುಖ್ಯಸ್ಥನಾದವನಿಗೆ ಎರಡು ಪಾಲು. ಇಂದಿನ ಮಾತಿನಲ್ಲಿ ಹೇಳುವುದಾದರೆ ಗುತ್ತಿಗೆದಾರನ ಲಾಭಕ್ಕೂ ಮೇಸ್ತ್ರಿಯ ಹೆಚ್ಚಿನ ಕೂಲಿಗೂ ಇದೇ ಆಧಾರ. ಆ ಹೆಚ್ಚಿನ ಪಾಲು ಸಲ್ಲುವುದು ಹೊಣೆಗಾರಿಕೆಗೆ. ಹೊಣೆಯನ್ನು ಹೊರದೆ ಪಾಲನ್ನು ಮಾತ್ರ ಪಡೆಯುವ ಮಧ್ಯಸ್ಥನಿಗೆ ಈ ವಾಕ್ಯಗಳಲ್ಲಿ ಎಡೆಯಿಲ್ಲ.

ಕೊಡಗು 1834ರಲ್ಲಿ ಇಂಗ್ಲಿಷರ ಆಳ್ವಿಕೆಗೆ ಒಳಪಟ್ಟ ಮೇಲೆ ಈ ಹಳೆಯ ಕಟ್ಟುಗಳು ಸಡಿಲಿದುವು. 1854ರಲ್ಲಿ ಮಡಿಕೇರಿಯ ಬಳಿ ಯೂರೋಪಿಯನ್ನರ ಕಾಫಿ ತೋಟವು ಮೊದಲಾಯಿತು; ರಸ್ತೆ, ಬಂಗಲೆ, ಸೇತುವೆಗಳ ಕೆಲಸವು ಹೆಚ್ಚಿತು. ಭತ್ತದ ಆಯವು ಹಿಂದಾಗಿ ನಾಣ್ಯದ ದಿನಗೂಲಿಯೂ ಮೇಸ್ತ್ರಿಯ ಮೂಲಕ ಕೊಡುವ ಮುಂಗಡವೂ ಮುಂದಾದುವು. 1859ರಲ್ಲಿ ಕುಶಲಕರ್ಮಿಗಳೂ ಕೂಲಿಗಳೂ ಕರಾರನ್ನು ಮುರಿದರೆ ಶಿಕ್ಷಿಸತಕ್ಕ ಶಾಸನವೊಂದು ಇಂಡಿಯಾ ದೇಶದಲ್ಲಿ ಹೊರಟಿತು. ಮುಂಗಡವನ್ನು ಪಡೆದು ಕೆಲಸಕ್ಕೆ ಬಾರದವನು, ನ್ಯಾಯಾಧಿಕಾರಿಯ ಆಜ್ಞೆಯಂತೆ ಹಣವನ್ನು ಹಿಂದಿರುಗಿಸದೆ ಅಥವಾ ಕೆಲಸವನ್ನು ಮಾಡದೆ ಹೋದರೆ, ಮೂರು ತಿಂಗಳವರೆಗೆ ಸೆರೆಮನೆಗೆ ಹೋಗಬೇಕಾಗಿದ್ದಿತು. ಕೂಲಿಯನ್ನು ಕೊಡದ ಯಜಮಾನನಿಗೆ ಆ ಶಾಸನದಲ್ಲಿ ಸೆರೆಯಿರಲಿಲ್ಲ. ಇಬ್ಬರಿಗೂ ದಂಡವನ್ನು ವಿಧಿಸಿದ ಕೌಟಿಲ್ಯನ ತಕ್ಕಡಿಯ ಒಂದು ತಟ್ಟೆಯನ್ನು ಕಿತ್ತಂತಾಯಿತು. 1925ರಲ್ಲಿ ಆದ ರದ್ದಿಯಾತಿಯ ಶಾಸನದಿಂದ ಇದು ಕೊನೆಗಂಡಿತು.

ಸ್ವಾತಂತ್ರ್ಯಾನಂತರ 1948ರಲ್ಲಿ ಕನಿಷ್ಠ ಕೂಲಿಯ ಶಾಸನವು ಬಂದಿತು. 1996ರಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕಾಗಿ ನಿರ್ಮಾಣದ ವೆಚ್ಚದ ಮೇಲೆ ನೂರಕ್ಕೆ ಒಂದಕ್ಕೆ ಕಡಮೆಯಿಲ್ಲದೆ, ಎರಡನ್ನು ಮೀರದೆ ಕರವನ್ನು ಎತ್ತುವ ಏರ್ಪಾಡಾಯಿತು. 2019ರಲ್ಲಿ ಹಳೆಯ ಕೂಲಿ ಶಾಸನಗಳನ್ನು ಒಂದುಗೂಡಿಸಿದ ವೇತನ ಸಂಹಿತೆಯನ್ನು ಸಂಸತ್ತು ಅಂಗೀಕರಿಸಿತು. ಇವೆಲ್ಲವೂ ಶ್ಲಾಘ್ಯವಾದುವು. ಆದರೆ ಕನಿಷ್ಠವೆಂಬುದು ಇದಕ್ಕಿಂತ ಕೆಳಗಿಳಿಯಕೂಡದೆಂಬ ಗೆರೆಯೇ ಹೊರತು ನ್ಯಾಯವಾದ ಕೂಲಿಯು ಇಷ್ಟೇ ಎಂಬ ತೀರ್ಪಲ್ಲ. ತೀರ್ಪನ್ನು ಮಾಡತಕ್ಕವರು ಕೆಲಸವನ್ನು ಮಾಡಿಸುವವನೂ ಮಾಡುವವನೂ ಕುಳಿತು.

ಕಕ್ಕಬೆಯಂತಹ ಮಲೆನಾಡಿನ ಊರಿನಲ್ಲಿ ಬಡಗಿಯ ದಿನಗೂಲಿಯನ್ನು ಕೇಳಿ ದುಬಾರಿಯೆನ್ನುವವರು ಒಂದು ಲೆಕ್ಕವನ್ನು ಮಾಡಿ ನೋಡಬೇಕು. ಎಣಿಕೆಗೋಸ್ಕರ, ಮಳೆಗಾಲವನ್ನೂ ಹಬ್ಬಹರಿದಿನಗಳನ್ನೂ ಕೆಲಸ ಸಿಕ್ಕದ ದಿನಗಳನ್ನೂ ಕಳೆದು ಅವನಿಗೆ ವರ್ಷದಲ್ಲಿ 200 ದಿನಗಳ ಕೆಲಸವುಂಟೆಂದು ಇಟ್ಟುಕೊಳ್ಳೋಣ. ಮನೆಯಲ್ಲಿ ಒಲೆಯು ಹೊತ್ತುವುದು 365 ದಿನ. ಹಾಗಾದರೆ ಕುಟುಂಬಕ್ಕೆ ದಿನಕ್ಕೆ 100 ರೂಪಾಯಿ ಬೇಕಾದಲ್ಲಿ ಕೆಲಸದ ದಿನದಲ್ಲಿ ಅವನು 182 ರೂಪಾಯಿಗಿಂತ ಹೆಚ್ಚು ಗಳಿಸಿದರೆ ಮಾತ್ರ ಊಟಕ್ಕೆ ಸಾಲುವುದು. ಇದರ ಮೇಲೆ ಉಳಿ, ಬಾಚಿ, ಗರಗಸಗಳ ಸವಕಳಿ; ಕಲಿಯುವ ಕಾಲದಲ್ಲಿ ಗಳಿಕೆಯಿಲ್ಲದೆ ಕಳೆದ ವರ್ಷಗಳು; ಮಾಡಿನ ಮೇಲಿಂದ ಬಿದ್ದರೆ ಆಗುವ ಅಪಾಯ; ಕೈ ನಡುಗುವ ವಯಸ್ಸಿಗೆ ಕೂಡಿಡಬೇಕಾದ ಕಾಸು. ಗುತ್ತಿಗೆಯನ್ನು ಹಿಡಿದವನಾದರೆ ಸಾಮಗ್ರಿಯ ಬೆಲೆಯ ಏರಿಳಿತ, ಜತೆಯವರಿಗೆ ವಾರದ ಕೂಲಿ, ಕೆಟ್ಟ ಕೆಲಸವನ್ನು ಕೈಯಿಂದ ಖರ್ಚುಮಾಡಿ ಸರಿಪಡಿಸುವ ಹೊಣೆ ಇವೂ ಸೇರುವುವು. ಹಿಂದೆ ಊರಿನ ಆಯವು ಹೊರುತ್ತಿದ್ದ ಭಾರವನ್ನು ಇಂದು ದಿನಗೂಲಿಯೇ ಹೊರಬೇಕಾಗಿದೆ.

ಕೆಲಸಗಾರನ ಪಾಲಿಗೂ ಇಷ್ಟೇ ಕಠಿನವಾದ ನಿಯಮವುಂಟು. ಅಂದಾಜನ್ನು ಮೊದಲೇ ತಿಳಿಸದೆ ನಡುವೆ ಹೆಚ್ಚು ಕೇಳುವುದು, ಮನೆಯ ಮಾಡನ್ನು ಬಿಚ್ಚಿದ ಮೇಲೆ ಮಳೆಯ ಭಯವನ್ನು ತೋರಿಸಿ ಬೆಲೆಯನ್ನೇರಿಸುವುದು, ಒಣಗದ ಮರವನ್ನು ಒಣಗಿದ ಮರದ ಬೆಲೆಗೆ ಹಾಕುವುದು, ಮುಂಗಡವನ್ನು ಪಡೆದು ಮೂರು ಮನೆಗಳ ಕೆಲಸವನ್ನು ಒಟ್ಟಿಗೆ ಹಿಡಿದು ಮೂವರನ್ನೂ ಕಾಯಿಸುವುದು, ಇವು ಕಾಯಕವಲ್ಲ. ಕಷ್ಟದಲ್ಲಿರುವವನ ಅವಸರವನ್ನು ನೋಡಿ ಕಟ್ಟಿದ ಬೆಲೆಯು ಕೆಲಸದ ಬೆಲೆಯಲ್ಲ, ಅವಸರದ ಬೆಲೆ. ಲಕ್ಕಮ್ಮನು ಹಿಂದಕ್ಕೆ ಸುರಿಸಿದ ಅಕ್ಕಿಯು ಇದೇ ಬಗೆಯದು.

ಕಡೆಯದಾಗಿ, ಮಠಮಾನ್ಯಗಳ ಭಕ್ತರು ವಿಶೇಷವಾಗಿ ಲಕ್ಷಿಸಬೇಕಾದ ಸಂಗತಿಯೊಂದಿರುವುದು. ಉತ್ಸವ ಮಹೋತ್ಸವಗಳ ಕಾಲದಲ್ಲಿ ದಾಸೋಹದ ಮನೆ, ಪಾಠಶಾಲೆ, ಗದ್ದುಗೆಯ ಮಂಟಪಗಳ ಕೆಲಸಗಳು ನಡೆಯುವುವು. ಆಗ ದೇವರ ಕೆಲಸವಲ್ಲವೇ, ಸ್ವಲ್ಪ ಕಡಮೆಗೆ ಮಾಡಿಕೊಡು ಎಂಬ ಮಾತು ಸಹಜವಾಗಿ ಬಾಯಿಗೆ ಬರುವುದು. ಹಣವುಳ್ಳವನು ತನ್ನ ಹಣದಲ್ಲಿ ಒಂದಂಶವನ್ನು ಕೊಟ್ಟರೆ ಅವನ ಹೆಸರು ಕಲ್ಲಿನಲ್ಲಿ ಕೆತ್ತಲ್ಪಡುವುದು. ಬಡಗಿಯು ತನ್ನ ಕೂಲಿಯ ಅರ್ಧವನ್ನು ಬಿಟ್ಟರೆ ಅದು ಚೌಕಾಸಿಯಲ್ಲಿ ಉಳಿದ ಹಣವೆಂದು ಲೆಕ್ಕಕ್ಕೆ ಹೋಗುವುದು. ಇದು ದಾಸೋಹದ ಕ್ರಮವಲ್ಲ. ದಾಸೋಹವೆಂಬುದು ಕೊಡುವವನು ತನ್ನದನ್ನು ತಾನಾಗಿ ಕೊಡುವುದು. ಕೈಗೆ ಬಾರದ ಕೂಲಿಯು ಇನ್ನೂ ಅವನದಾಗಿಲ್ಲ. ಅವನದಾಗದುದನ್ನು ಅವನು ಅರ್ಪಿಸುವುದೆಂತು? ಆದುದರಿಂದ ಮೊದಲು ಪೂರ್ಣವಾದ ಕೂಲಿಯನ್ನು, ಮಾತಾದ ದಿನದಲ್ಲಿ, ಅವನ ಕೈಗೆ ಇಡತಕ್ಕದ್ದು. ಆಮೇಲೆ ಅವನು ಅದರಲ್ಲಿ ಒಂದು ರೂಪಾಯಿಯನ್ನು ಕಾಣಿಕೆಯಾಗಿ ಇಟ್ಟರೆ ಅದು ಸಾವಿರಕ್ಕೆ ಸಮನಾದ ದಾಸೋಹ. ಇಡದಿದ್ದರೂ ಅವನ ಭಕ್ತಿಗೆ ಕುಂದಿಲ್ಲ, ಏಕೆಂದರೆ ಕೆಡದ ಕೆಲಸವನ್ನು ಮಾಡಿಕೊಟ್ಟುದೇ ಅವನ ಪೂಜೆ.

ನಾಲ್ಕುನಾಡು ಅರಮನೆಯಂತಹ ಕಟ್ಟಡಗಳು ಇನ್ನೂ ನಿಲ್ಲಬೇಕಾದರೆ ಅವುಗಳ ಸಂದನ್ನೂ ಕೆತ್ತನೆಯನ್ನೂ ಅರಿತ ಕೈಗಳು ಉಳಿಯಬೇಕು. ಆ ಕೈಗಳು ಉಳಿಯಬೇಕಾದರೆ ಬಡಗಿಯ ಮಗನಿಗೆ ತಂದೆಯ ಉಳಿಯನ್ನು ಹಿಡಿಯುವುದು ಲಾಭಕರವೂ ಮರ್ಯಾದೆಯದೂ ಆಗಿ ತೋರಬೇಕು. ಎಲ್ಲಕ್ಕಿಂತ ಕಡಮೆಗೆ ಒಪ್ಪಿದವನಿಗೇ ಕೆಲಸವನ್ನು ಕೊಡುವ ಊರಿನಲ್ಲಿ ಕೆಲವು ಕಾಲದ ಮೇಲೆ ಕಡಮೆಯ ಕೆಲಸವೇ ಉಳಿಯುವುದು. ಕೆಲಸಕ್ಕೆ ಮುಂಚೆ ಮುಕ್ತವಾದ ಮಾತು, ಆ ವೃತ್ತಿಯನ್ನು ಬಲ್ಲವರ ಸಾಕ್ಷಿ, ವರ್ಷವಿಡೀ ಕುಟುಂಬವು ಬದುಕುವಷ್ಟು ಪ್ರಮಾಣ, ಹೇಳಿದ ದಿನಕ್ಕೆ ಪಾವತಿ, ಕೇಳುವವನಲ್ಲಿ ಲಕ್ಕಮ್ಮನ ಮಿತಿ, ಕೊಡುವವನಲ್ಲಿ ಮಹಾಮನೆಯ ಧಾರಾಳ, ಇವಿಷ್ಟು ಕೂಡಿದಲ್ಲಿ ಕೂಲಿಯು ನ್ಯಾಯವಾದುದೆನಿಸುವುದು. ಇಂತಹ ಕೂಲಿಯಿಂದ ಕಟ್ಟಿದ ಮನೆಯಲ್ಲಿ ವಾಸಿಸುವವರಿಗೂ ಕಟ್ಟಿದವರಿಗೂ ಸಮನಾಗಿ ಶ್ರೇಯಸ್ಸಾಗಲಿ.